ಬಾಲ್ಸಾದ ಎಲುಬು, ಬಣ್ಣದ ತೊಗಲು

ಎರಡು ಬಿದಿರುಕಡ್ಡಿ, ಒಂದು ಹಾಳೆ ಕಾಗದ, ಒಂದಿಷ್ಟು ಗಂಜಿ, ಅಳತೆಯರಿತು ಕಟ್ಟಿದ ಒಂದು ಬಾಲಂಗೋಚಿ. ಇಷ್ಟಿದ್ದರೆ ಗಾಳಿಪಟ ಸಿದ್ಧವಾಯಿತು. ಕಾಗದ ಸಡಿಲವಾದರೆ ಪಟ ಏರದು. ಕಡ್ಡಿ ದಪ್ಪವಾದರೆ ನೆಲ ಬಿಟ್ಟೇಳದು. ಒಂದು ಪಕ್ಕ ತುಸು ಭಾರವಾದರೂ ಗಿರಕಿ ಹೊಡೆದು ಬೇಲಿಗೆ ಬೀಳುವುದು. ಆಷಾಢದ ಗಾಳಿಯಲ್ಲಿ ಪಟ ಹಾರಿಸಿದ ಪ್ರತಿಯೊಬ್ಬ ಬಾಲಕನೂ ವಿಮಾನಶಾಸ್ತ್ರದ ಮೂರು ಮೂಲಪಾಠಗಳನ್ನು ತನಗರಿವಿಲ್ಲದೆಯೇ ಕಲಿತಿರುತ್ತಾನೆ.

ಆ ಪಟಕ್ಕೆ ದಾರದ ಬದಲು ರೇಡಿಯೋ ಅಲೆಯನ್ನೂ, ಬಿದಿರಿನ ಬದಲು ಬಾಲ್ಸಾ ಮರವನ್ನೂ, ಕಾಗದದ ಬದಲು ಬಣ್ಣದ ಪಾಲಿಯೆಸ್ಟರ್ ಪೊರೆಯನ್ನೂ ಕೊಟ್ಟು, ಮೂತಿಗೊಂದು ಪೆಟ್ರೋಲ್ ಎಂಜಿನ್ ಜೋಡಿಸಿದರೆ ದೊರೆಯುವುದು ಇಂದು ಹಲವು ದೇಶಗಳ ಹವ್ಯಾಸಿಗಳು ತಮ್ಮ ಮನೆಯ ಹಿಂಗೋಣೆಗಳಲ್ಲಿ ಕಟ್ಟುತ್ತಿರುವ ದೊಡ್ಡ ಅಳತೆಯ ಕಸರತ್ತು ವಿಮಾನ. ಅದರೊಳಗೆ ಚಾಲಕನಿಲ್ಲ. ಅವನು ಮೈದಾನದ ಅಂಚಿನಲ್ಲಿ ನಿಂತು, ಕೈಯಲ್ಲಿರುವ ಪೆಟ್ಟಿಗೆಯ ಎರಡು ಸಣ್ಣ ಕೋಲುಗಳನ್ನು ಬೆರಳ ತುದಿಯಿಂದ ಆಡಿಸುತ್ತಾನೆ; ಅತ್ತ ಆಕಾಶದಲ್ಲಿ ವಿಮಾನ ಲಂಬವಾಗಿ ವೃತ್ತ ಬರೆಯುತ್ತದೆ, ಮಗ್ಗುಲಿಂದ ಮಗ್ಗುಲಿಗೆ ಉರುಳುತ್ತದೆ, ಬೆನ್ನಡಿಯಾಗಿ ಸಾಗುತ್ತದೆ. ಬೀದರಿನ ವಾಯುನೆಲೆಯಲ್ಲಿ 1996ರಲ್ಲಿ ರೂಪುಗೊಂಡ ಸೂರ್ಯಕಿರಣ ತಂಡದ ಹೆಸರು ಜಹೀರಾಬಾದ್, ಅಕ್ಕಲಕೋಟೆ, ಸೊಲ್ಲಾಪುರಗಳ ಕಡೆಯ ನಮ್ಮ ಓದುಗರಿಗೆ ಹೊಸತಲ್ಲ. ಆ ತಂಡ ಮೊದಲು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಕಿರಣ್ ವಿಮಾನಗಳಲ್ಲಿ ಹಾರಿತು. 2011ರಲ್ಲಿ ನಿಂತು, ಮುಂದೆ ಹಾಕ್ ವಿಮಾನಗಳೊಡನೆ ಮತ್ತೆ ಗರಿಗೆದರಿತು. ಅವರು ಆಕಾಶದಲ್ಲಿ ಬರೆಯುವ ವೃತ್ತ, ಉರುಳುಗಳನ್ನೇ ಈ ಹವ್ಯಾಸಿ ತಾನು ಕಟ್ಟಿದ ಮರದ ವಿಮಾನದಿಂದ ಬರೆಯಿಸುತ್ತಾನೆ.

ರೇಡಿಯೋ ಅಲೆಯಿಂದ ವಸ್ತುವೊಂದನ್ನು ದೂರದಲ್ಲಿ ನಿಂತು ನಡೆಸುವ ಯೋಚನೆ ಶತಮಾನದಷ್ಟು ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಪುಟ್ಟ ದೋಣಿಯನ್ನು ತಂತಿಯಿಲ್ಲದೆ ನಡೆಸಿ ಜನರನ್ನು ಬೆರಗುಗೊಳಿಸಿದ್ದನು. ಅಮೆರಿಕದ ಮಿಷಿಗನ್ ಪ್ರಾಂತದ ಅವಳಿ ಸೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬವರು 1937ರಲ್ಲಿ ‘ಗಫ್’ ಎಂಬ ಮಾದರಿ ವಿಮಾನವನ್ನು ರೇಡಿಯೋ ಮೂಲಕ ಹಾರಿಸಿದರು; ಅದೀಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸೊತ್ತು. 1960ರಲ್ಲಿ ಸ್ವಿಟ್ಜರ್ಲೆಂಡಿನ ಡ್ಯೂಬೆನ್‌ಡಾರ್ಫ್‌ನಲ್ಲಿ ರೇಡಿಯೋ ನಿಯಂತ್ರಿತ ಕಸರತ್ತು ವಿಮಾನಗಳ ಮೊದಲ ವಿಶ್ವಸ್ಪರ್ಧೆ ನಡೆಯಿತು. ಆ ವರ್ಗದ ವಿಮಾನಗಳಿಗೆ ಇಂದಿನ ಮಿತಿ ಎರಡು ಮೀಟರ್ ಉದ್ದಗಲ, ಐದು ಕಿಲೋ ತೂಕ. ಈ ಮಿತಿ ಸಾಲದೆನಿಸಿದವರು ಬೇರೊಂದು ದಾರಿ ಹಿಡಿದರು. ನಿಜವಾದ ಕಸರತ್ತು ವಿಮಾನವೊಂದನ್ನು ಆರಿಸಿಕೊಂಡು, ಅದರ ನಾಲ್ಕನೆಯ ಒಂದು, ಮೂರನೆಯ ಒಂದು, ಕೆಲವೊಮ್ಮೆ ಅದಕ್ಕೂ ಮಿಕ್ಕ ಅಳತೆಯಲ್ಲಿ ಪ್ರತಿಕೃತಿ ಕಟ್ಟುವುದೇ ಆ ದಾರಿ. ಒಂಟಿ ರೆಕ್ಕೆಯದಾದರೆ 80 ಅಂಗುಲ, ಜೋಡಿ ರೆಕ್ಕೆಯದಾದರೆ 60 ಅಂಗುಲ ಅಗಲವಿದ್ದರೆ ‘ದೈತ್ಯ’ ಎಂದು ಕರೆಯುವುದು ಅಮೆರಿಕದ ಹವ್ಯಾಸಿಗಳ ವಾಡಿಕೆ.

ಈ ದೈತ್ಯಗಳ ಲೋಕದಲ್ಲಿ ಬಹಳ ಜನ ಮೆಚ್ಚುವ ಮಾದರಿ ‘ಎಕ್ಸ್‌ಟ್ರಾ 300’. ಸ್ವತಃ ಕಸರತ್ತು ಚಾಲಕನಾದ ವಾಲ್ಟರ್ ಎಕ್ಸ್‌ಟ್ರಾ ಎಂಬ ಜರ್ಮನ್ ಎಂಜಿನಿಯರ್ ರೂಪಿಸಿದ ಇದರ ಮೂಲ ವಿಮಾನ ಮೊದಲು ಹಾರಿದ್ದು 1988ರಲ್ಲಿ. ಅದರ ರೆಕ್ಕೆಯ ಅಗಲ ಎಂಟು ಮೀಟರ್, ಏರಬಹುದಾದ ಗರಿಷ್ಠ ತೂಕ 950 ಕಿಲೋ. ಮೂರನೆಯ ಒಂದು ಅಳತೆಯಲ್ಲಿ ಕಟ್ಟಿದರೆ ರೆಕ್ಕೆಯ ಅಗಲ ಸುಮಾರು ಎರಡು ಮೀಟರ್ ಅರುವತ್ತೇಳು ಸೆಂಟಿಮೀಟರ್ ಆಯಿತು. ಸಾಮಾನ್ಯ ಮನೆಯ ಬಾಗಿಲಿನ ಎತ್ತರವನ್ನೂ ಮೀರಿತು.

ಇಲ್ಲಿ ಒಂದು ಲೆಕ್ಕವನ್ನು ಓದುಗರು ಸಾವಧಾನವಾಗಿ ನೋಡಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಉದ್ದ ಮೂರನೆಯ ಒಂದು ಪಾಲಾದಾಗ ರೆಕ್ಕೆಯ ವಿಸ್ತೀರ್ಣ ಒಂಬತ್ತನೆಯ ಒಂದು ಪಾಲಾಗುತ್ತದೆ. ಘನಗಾತ್ರವಾದರೋ ಇಪ್ಪತ್ತೇಳನೆಯ ಒಂದು ಪಾಲಿಗಿಳಿಯುತ್ತದೆ. 950 ಕಿಲೋವನ್ನು ಇಪ್ಪತ್ತೇಳರಿಂದ ಭಾಗಿಸಿದರೆ 35 ಕಿಲೋ. ಆದರೆ 35 ಕಿಲೋ ತೂಗುವ ಪ್ರತಿಕೃತಿ ಆಕಾಶದಲ್ಲಿ ಗುಂಡಿನಂತೆ ನುಗ್ಗೀತೇ ಹೊರತು ಹಗುರವಾಗಿ ಕುಣಿಯದು. ಇಳಿಯುವಾಗಲೂ ಅದೇ ಬಿರುಸಿನಿಂದ ನೆಲಕ್ಕೆ ಅಪ್ಪಳಿಸೀತು. ಒಳ್ಳೆಯ ಕಟ್ಟುಗಾರನ ಎಕ್ಸ್‌ಟ್ರಾ ಸುಮಾರು 12 ಕಿಲೋ ತೂಗುತ್ತದೆ, ಅಂದರೆ ಲೆಕ್ಕ ಹೇಳಿದ ತೂಕದ ಮೂರನೆಯ ಒಂದು ಪಾಲು. ಆಗ ರೆಕ್ಕೆಯ ಪ್ರತಿ ಚದರ ಮೀಟರ್ ಹೊರುವ ಭಾರ ಹತ್ತು ಕಿಲೋದಷ್ಟು. ಮೂಲ ವಿಮಾನದಲ್ಲಿ ಅದು ತೊಂಬತ್ತರ ಹತ್ತಿರ. ಉಳಿದ 23 ಕಿಲೋವನ್ನು ಎಲ್ಲಿ ಬಿಟ್ಟನು ಎಂಬುದೇ ಈ ಕಲೆಯ ಒಳಗುಟ್ಟು.

ಬಹುಪಾಲು ಬಿಟ್ಟದ್ದು ಮರದಲ್ಲಿ. ಬಾಲ್ಸಾ ದಕ್ಷಿಣ ಅಮೆರಿಕದ ಮರ. ಪ್ರಪಂಚಕ್ಕೆ ಅದರ ದೊಡ್ಡ ಪೂರೈಕೆದಾರ ದೇಶ ಈಕ್ವೆಡಾರ್. ಸ್ಪ್ಯಾನಿಷ್ ಭಾಷೆಯಲ್ಲಿ ‘ಬಾಲ್ಸಾ’ ಎಂದರೆ ತೆಪ್ಪ. 1947ರಲ್ಲಿ ಥಾರ್ ಹೆಯರ್ಡಾಲ್ ಪೆರು ದೇಶದಿಂದ ಹೊರಟು 101 ದಿನ ಶಾಂತಸಾಗರದಲ್ಲಿ ತೇಲಿದ ‘ಕಾನ್‌ಟಿಕಿ’ ಇದೇ ಮರದ ಒಂಬತ್ತು ದಿಮ್ಮಿಗಳ ತೆಪ್ಪ. ಎರಡನೆಯ ಮಹಾಯುದ್ಧದ ಬ್ರಿಟಿಷ್ ‘ಮಾಸ್ಕಿಟೋ’ ವಿಮಾನದ ಒಡಲು ಬರ್ಚ್ ಪ್ಲೈವುಡ್ಡಿನ ಎರಡು ಪದರಗಳ ನಡುವೆ ಬಾಲ್ಸಾ ತುಂಬಿ ಮಾಡಿದ್ದು. ಆದ್ದರಿಂದ ಇದನ್ನು ಆಟಿಕೆಯ ಮರವೆಂದು ತಿಳಿಯುವುದು ಸರಿಯಲ್ಲ. ಆರರಿಂದ ಹತ್ತು ವರ್ಷಗಳೊಳಗೆ ಕಡಿಯಲು ಬರುವಷ್ಟು ಬೇಗ ಬೆಳೆಯುವ ಈ ಮರದ ಒಂದು ಘನ ಮೀಟರ್ ಒಣಗಿದ ಮೇಲೆ ನೂರರಿಂದ ನೂರರುವತ್ತು ಕಿಲೋ ತೂಗಿದರೆ, ನಮ್ಮ ತೇಗದ್ದು ಆರುನೂರನ್ನು ಮೀರುತ್ತದೆ.

ಆದರೆ ಒಂದು ಹಲಗೆಯಂತೆ ಇನ್ನೊಂದಿಲ್ಲ. ಒಂದೇ ಅಳತೆಯ ಎರಡು ಬಾಲ್ಸಾ ಹಾಳೆಗಳಲ್ಲಿ ಒಂದು ಮತ್ತೊಂದರ ಇಮ್ಮಡಿ ತೂಗುವುದುಂಟು. ಹೀಗಾಗಿ ಬಲ್ಲವನ ಮೇಜಿನ ಮೇಲೆ ಉಳಿಗಿಂತ ಮೊದಲು ಬರುವ ಉಪಕರಣ ತಕ್ಕಡಿ. ಪ್ರತಿಯೊಂದು ಹಾಳೆಯನ್ನೂ ತೂಗಿ, ತೂಕವನ್ನು ಅದರ ಮೂಲೆಯಲ್ಲಿ ಸೀಸದ ಕಡ್ಡಿಯಿಂದ ಬರೆದು, ಗಟ್ಟಿಯಾದದ್ದನ್ನು ರೆಕ್ಕೆಯ ತೊಲೆಗೂ ಅತಿ ಹಗುರವಾದದ್ದನ್ನು ಬಾಲಕ್ಕೂ ವಿಂಗಡಿಸುತ್ತಾನೆ. ಬಾಲಕ್ಕೇ ಏಕೆ ಹಗುರ? ತಕ್ಕಡಿಯ ಉದ್ದನೆಯ ತೋಳಿನಲ್ಲಿ ಕುಳಿತ ತೂಕಕ್ಕೆ ಬಲ ಹೆಚ್ಚು. ಬಾಲದಲ್ಲಿ ಹತ್ತು ಗ್ರಾಂ ಅಂಟು ಹೆಚ್ಚಾದರೆ ಅದನ್ನು ಸರಿದೂಗಿಸಲು ಮೂತಿಯಲ್ಲಿ ಇಪ್ಪತ್ತು ಮೂವತ್ತು ಗ್ರಾಂ ಸೀಸ ಕಟ್ಟಬೇಕಾದೀತು. ವಿಮಾನದ ಗುರುತ್ವಕೇಂದ್ರವು ರೆಕ್ಕೆಯ ಮುಂಅಂಚಿನಿಂದ ಅದರ ಸರಾಸರಿ ಅಗಲದ ನಾಲ್ಕನೆಯ ಒಂದರಿಂದ ಮೂರನೆಯ ಒಂದು ಪಾಲಿನೊಳಗೆ ನಿಂತರೆ ವಿಮಾನ ಹೇಳಿದಂತೆ ಕೇಳುತ್ತದೆ. ಅದಕ್ಕಿಂತ ಹಿಂದೆ ಸರಿದಷ್ಟೂ ಹುಚ್ಚುಕುದುರೆಯಾಗುತ್ತದೆ.

ಕಟ್ಟುವ ಕ್ರಮ ನಮ್ಮ ಬಡಗಿಗಳಿಗೆ ಅಪರಿಚಿತವೇನಲ್ಲ. ಸಮತಟ್ಟಾದ ಹಲಗೆಯ ಮೇಲೆ ನಕ್ಷೆಯನ್ನು ಹರಡಿ, ಅದರ ಮೇಲೆ ತೊಲೆಯನ್ನಿಟ್ಟು, ತೊಲೆಗೆ ಪಕ್ಕೆಲುಬುಗಳನ್ನು ಒಂದೊಂದಾಗಿ ನಿಲ್ಲಿಸುವುದು. ಮೂಲೆಮಟ್ಟ, ರಸಮಟ್ಟಗಳಿಂದ ಹೆಜ್ಜೆಹೆಜ್ಜೆಗೂ ಪರೀಕ್ಷಿಸುವುದು. ಕಸರತ್ತು ವಿಮಾನದ ರೆಕ್ಕೆ ಮೇಲೆ ಕೆಳಗೆ ಒಂದೇ ಉಬ್ಬಿನದು, ಏಕೆಂದರೆ ಅದು ನೆಟ್ಟಗೆ ಹಾರಿದಂತೆಯೇ ಬೆನ್ನಡಿಯಾಗಿಯೂ ಹಾರಬೇಕು. ಮೇಲಿನ ತೊಲೆ, ಕೆಳಗಿನ ತೊಲೆಗಳ ನಡುವೆ ಬಾಲ್ಸಾದ ತೆಳು ಹಲಗೆಗಳನ್ನು ಎಳೆ ನಿಂತಿರುವಂತೆ ಅಂಟಿಸಬೇಕು; ಎಳೆ ಮಲಗಿದರೆ ಅರ್ಧ ಬಲವೂ ಬಾರದು. ಮುಂಅಂಚಿನಿಂದ ತೊಲೆಯವರೆಗೆ ತೆಳುಹಾಳೆಯನ್ನು ಬಾಗಿಸಿ ಮುಚ್ಚಿದಾಗ ಅದೊಂದು ಟೊಳ್ಳು ಕೊಳವೆಯಾಗಿ ರೆಕ್ಕೆ ತಿರುಚದಂತೆ ತಡೆಯುತ್ತದೆ. ಎರಡು ರೆಕ್ಕೆಗಳೂ ಒಡಲನ್ನು ಹಾಯ್ದುಹೋಗುವ ಇಂಗಾಲದ ನಾರಿನ ಕೊಳವೆಗೆ ತೂರಿಕೊಳ್ಳುವುದರಿಂದ ಬಿಚ್ಚಿ ಕಾರಿನಲ್ಲಿಟ್ಟು ಸಾಗಿಸಬಹುದು. ಎಂಜಿನ್ ಕೂರುವ ಗೋಡೆಗೆ ಮಾತ್ರ ಬಾಲ್ಸಾ ಸಲ್ಲದು. ಅಲ್ಲಿ ಬರ್ಚ್ ಪ್ಲೈವುಡ್, ಎಪಾಕ್ಸಿ ಅಂಟು.

ಅಂಟಿನ ವಿಷಯದಲ್ಲಿ ಹೊಸಬರು ಧಾರಾಳಿಗಳು. ಸಂದು ಕೂಡದಿದ್ದಲ್ಲಿ ಅಂಟು ತುಂಬಿ ಮುಚ್ಚಿಬಿಡೋಣವೆಂಬ ಆಲೋಚನೆ ಸಹಜ. ತುಂಬಿದ ಅಂಟಿಗೆ ತೂಕವಿದೆ, ಬಲವಿಲ್ಲ. ಎರಡು ಮರಗಳು ಕೂದಲೆಳೆಯ ಎಡೆಯೂ ಇಲ್ಲದಂತೆ ಕೂಡಿದಾಗ ನಡುವೆ ನಿಲ್ಲುವ ತೆಳುವಾದ ಪದರವೇ ನಿಜವಾದ ಬೆಸುಗೆ. ಮನೆಯವರ ಆರೋಗ್ಯದ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು: ಉಪ್ಪುಕಾಗದ ಉಜ್ಜುವಾಗ ಏಳುವ ಬಾಲ್ಸಾದ ಹಿಟ್ಟು, ಕ್ಷಣದಲ್ಲಿ ಹಿಡಿಯುವ ಸೈನೋ ಅಂಟಿನ ಆವಿ, ಇವೆರಡೂ ಶ್ವಾಸಕೋಶಕ್ಕೂ ಕಣ್ಣಿಗೂ ಹಿತವಲ್ಲ. ಮೂಗುಬಾಯಿಗೆ ಮುಸುಕು, ತೆರೆದ ಕಿಟಕಿ ಅವಶ್ಯಕ. ಅಡುಗೆಮನೆಯ ಮೇಜು ಈ ಕೆಲಸಕ್ಕೆ ಖಂಡಿತ ಬೇಡ.

ಎಲುಬಿನ ಗೂಡು ಸಿದ್ಧವಾಯಿತು. ನೋಡಲು ಅದರಷ್ಟು ಚೆಲುವಾದ ವಸ್ತು ಮತ್ತೊಂದಿಲ್ಲ ಎಂದು ಕಟ್ಟುಗಾರರು ಹೇಳುತ್ತಾರೆ. ಕೆಲವರು ಅದನ್ನು ತಿಂಗಳುಗಟ್ಟಲೆ ಹಾಗೆಯೇ ಗೋಡೆಗೆ ತೂಗುಹಾಕುವುದೂ ಉಂಟು. ಆದರೆ ಹೊದಿಕೆಯಿಲ್ಲದ ರೆಕ್ಕೆ ಹಾರದು.

ಹೊದಿಕೆಯ ಕಥೆ ವಿಮಾನದಷ್ಟೇ ಹಳೆಯದು. ರೈಟ್ ಸೋದರರು 1903ರಲ್ಲಿ ತಮ್ಮ ವಿಮಾನಕ್ಕೆ ಹೊದಿಸಿದ್ದು ಅಂಗಡಿಯಲ್ಲಿ ದೊರೆಯುತ್ತಿದ್ದ ಸಾದಾ ಮಸ್ಲಿನ್ ಬಟ್ಟೆ. ಮೊದಲನೆಯ ಮಹಾಯುದ್ಧದ ವಿಮಾನಗಳು ನಾರುಬಟ್ಟೆ ಹೊದ್ದು, ಅದರ ಮೇಲೆ ‘ಡೋಪ್’ ಎಂಬ ಸೆಲ್ಯುಲೋಸ್ ಲೇಪ ಬಳಿಸಿಕೊಂಡವು. ಆರಿದಾಗ ಲೇಪ ಬಟ್ಟೆಯನ್ನು ಬಿಗಿಯಾಗಿ ಜಗ್ಗುತ್ತಿತ್ತು. ಮಾದರಿ ವಿಮಾನಗಳ ಕಟ್ಟುಗಾರರೂ ಇದೇ ಕ್ರಮದಲ್ಲಿ ತೆಳುಕಾಗದ, ರೇಷ್ಮೆ ಹೊದಿಸಿ ಡೋಪ್ ಬಳಿದರು. ಮಾಗಿದ ಬಾಳೆಹಣ್ಣಿನಂತಹ ಅದರ ವಾಸನೆಯನ್ನು ಹಳಬರು ಇಂದಿಗೂ ನೆನೆಯುತ್ತಾರೆ; ಅದು ಬೆಂಕಿಯನ್ನು ತಟ್ಟನೆ ಹಿಡಿಯುವ ವಸ್ತುವೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. 1960ರ ದಶಕದಲ್ಲಿ ‘ಮಾನೊಕೋಟ್’ ಎಂಬ ಹೆಸರಿನಲ್ಲಿ ಬಿಸಿಗೆ ಕುಗ್ಗುವ ಪಾಲಿಯೆಸ್ಟರ್ ಪೊರೆ ಬಂದ ಮೇಲೆ ಮನೆಮನೆಯ ಡೋಪ್ ಡಬ್ಬಿ ಮೂಲೆಗೆ ಸರಿಯಿತು. ಪೊರೆಯ ಒಂದು ಮೈಗೆ ಬಣ್ಣವೂ ಬಿಸಿ ತಾಗಿದರೆ ಮಾತ್ರ ಹಿಡಿಯುವ ಅಂಟೂ ಮೊದಲೇ ಬಳಿದಿರುತ್ತವೆ.

ಹೊದಿಸುವವನ ಮೊದಲ ಕೆಲಸ ಹೊದಿಸುವುದಲ್ಲ, ಉಜ್ಜುವುದು. ಪೊರೆ ಯಾವ ದೋಷವನ್ನೂ ಮರೆಸದು. ಅಡಿಯಲ್ಲಿ ಉಳಿದ ಅಂಟಿನ ಹನಿ, ಬೆರಳಿನ ಕುಳಿ, ಒಂದು ಮರಳಿನ ಕಣ, ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ನಯವಾದ ಉಪ್ಪುಕಾಗದದಿಂದ ಉಜ್ಜಿ, ಹುಡಿಯನ್ನೆಲ್ಲ ಒರಸಿ ತೆಗೆದ ಮೇಲೆಯೇ ಇಸ್ತ್ರಿಪೆಟ್ಟಿಗೆಗೆ ಕೈಹಾಕಬೇಕು. ಇದು ಬಟ್ಟೆಯ ಇಸ್ತ್ರಿಪೆಟ್ಟಿಗೆಯಲ್ಲ. ಅಂಗೈಯಗಲದ, ಮೊನೆಚಾದ ಪುಟ್ಟ ಪೆಟ್ಟಿಗೆ. ಅದರ ಅಡಿಗೆ ಹತ್ತಿಬಟ್ಟೆಯ ಗವಸು ತೊಡಿಸಿದರೆ ಪೊರೆಯ ಮೇಲೆ ಗೀರು ಬೀಳದು.

ಮೊದಲು ರೆಕ್ಕೆಯ ಕೆಳಮೈ, ಅನಂತರ ಮೇಲ್ಮೈ. ಪೊರೆಯನ್ನು ಸಡಿಲವಾಗಿ ಹರಡಿ, ನಾಲ್ಕು ಮೂಲೆಗಳನ್ನು ತುಸು ಬಿಸಿಯಿಂದ ಹಿಡಿಸಿ, ಎದುರುಬದಿರಾಗಿ ಎಳೆಯುತ್ತ ಅಂಚುಗಳನ್ನು ಮುಚ್ಚಿಕೊಂಡು ಬರಬೇಕು. ಬಿಸಿಯಲ್ಲಿ ಎರಡು ಮೆಟ್ಟಿಲು: ಕಡಿಮೆ ಬಿಸಿಗೆ ಅಂಟು ಹಿಡಿಯುತ್ತದೆ, ಹೆಚ್ಚಿನ ಬಿಸಿಗೆ ಪೊರೆ ಕುಗ್ಗುತ್ತದೆ. ಇವೆರಡನ್ನೂ ಬೆರೆಸಿದವನು ಒಂದು ಕಡೆ ಎಳೆದು ಇನ್ನೊಂದು ಕಡೆ ಸುಕ್ಕು ತರಿಸಿಕೊಳ್ಳುತ್ತಾನೆ. ಅಂಚೆಲ್ಲ ಭದ್ರವಾದ ಮೇಲೆ ನಡುಭಾಗಕ್ಕೆ ಬಿಸಿ ತೋರಿಸಿದರೆ ಸುಕ್ಕುಗಳೆಲ್ಲ ಮಾಯವಾಗಿ ಪೊರೆ ಚೆಂಡೆಯ ಚರ್ಮದಂತೆ ಬಿಗಿಯಾಗುತ್ತದೆ. ಕಾಸರಗೋಡಿನ ಕಡೆ ಆಟದ ಚೌಕಿಯಲ್ಲಿ ಚೆಂಡೆ ಮದ್ದಳೆಗಳನ್ನು ಹದಗೊಳಿಸುವುದನ್ನು ನೋಡಿದವರಿಗೆ ಈ ಹದ ಬೇಗ ತಿಳಿದೀತು: ಸಡಿಲವಾದರೆ ನಾದವಿಲ್ಲ, ಮಿತಿಮೀರಿ ಬಿಗಿದರೆ ಮರಕ್ಕೇ ಪೆಟ್ಟು. ಬಾಲ್ಸಾದ ತೆಳುವಾದ ಚುಕ್ಕಾಣಿಯನ್ನು ಬಿಗಿದ ಪೊರೆ ಬಿಲ್ಲಿನಂತೆ ಬಾಗಿಸಬಲ್ಲದು. ಬಾಗಿದ್ದನ್ನು ನೆಟ್ಟಗಾಗಿಸುವ ಉಪಾಯವೂ ಅದೇ ಬಿಸಿಯಲ್ಲಿದೆ. ರೆಕ್ಕೆಯನ್ನು ವಿರುದ್ಧ ದಿಕ್ಕಿಗೆ ತಿರುಚಿ ಹಿಡಿದು ಎರಡೂ ಮೈಗಳ ಪೊರೆಗೆ ಮತ್ತೆ ಬಿಸಿ ಕೊಟ್ಟು ಆರಲು ಬಿಟ್ಟರೆ ಅದು ಹೊಸ ನಿಲುವನ್ನು ಒಪ್ಪಿಕೊಳ್ಳುತ್ತದೆ. ಇದರಿಂದ ತಿಳಿಯುವುದೇನೆಂದರೆ, ಹೊದಿಕೆ ವಿಮಾನಕ್ಕೆ ತೊಡಿಸಿದ ಅಂಗಿಯಲ್ಲ, ಅದು ಅವಯವ. ಪಕ್ಕೆಲುಬುಗಳ ನಡುವಿನ ತೆರಪನ್ನು ಬಿಗಿಹಿಡಿದು ರೆಕ್ಕೆ ತಿರುಚದಂತೆ ಅದೂ ತನ್ನ ಪಾಲಿನ ದುಡಿಮೆ ದುಡಿಯುತ್ತದೆ.

ಎರಡು ಬಣ್ಣಗಳು ಕೂಡುವಲ್ಲಿ ಆರು ಮಿಲಿಮೀಟರಿನಷ್ಟು ಒಂದರ ಮೇಲೊಂದು ಬರಬೇಕು. ತಿಳಿಬಣ್ಣ ಕೆಳಗೆ, ಗಾಢಬಣ್ಣ ಮೇಲೆ. ಗಾಳಿ ಬಂದು ಅಂಚನ್ನು ಎಬ್ಬದಂತೆ, ಮನೆಯ ಹೆಂಚು ಹೊದಿಸುವಾಗ ಕೆಳಗಿನಿಂದ ಮೇಲಕ್ಕೆ ಹೋಗುವ ಹಾಗೆ, ಇಲ್ಲಿ ಹಿಂದಿನಿಂದ ಮುಂದಕ್ಕೆ ಬರಬೇಕು. ಪೊರೆಯ ಮೇಲೆ ಪೊರೆ ಹಿಡಿಸುವಾಗ ಬಿಸಿ ಹೆಚ್ಚಾದರೆ ನಡುವೆ ಗುಳ್ಳೆಗಳೇಳುತ್ತವೆ. ಗುಳ್ಳೆಯೆದ್ದ ಮೇಲೆ ಸೂಜಿಯಿಂದ ಚುಚ್ಚುವುದಲ್ಲದೆ ಬೇರೆ ಮದ್ದಿಲ್ಲ. ಗಾಢಬಣ್ಣವನ್ನು ವಿಶಾಲವಾಗಿ ಬಳಸುವವರು ನಮ್ಮ ಬಯಲುಸೀಮೆಯ ಬಿಸಿಲನ್ನು ಮರೆಯಬಾರದು. ಮುಚ್ಚಿದ ಕಾರಿನಲ್ಲಿಟ್ಟ ಕಪ್ಪುರೆಕ್ಕೆ ಮಧ್ಯಾಹ್ನದೊಳಗೆ ಮುದುಕನ ಮುಖದಂತೆ ಸುಕ್ಕುಗಟ್ಟಿದರೆ ಆಶ್ಚರ್ಯವಿಲ್ಲ.

ಬಣ್ಣವನ್ನು ಅಲಂಕಾರವೆಂದು ಬಗೆದವರಿಗೆ ಇನ್ನೊಂದು ಮಾತು. ಇನ್ನೂರು ಮೀಟರ್ ದೂರದಲ್ಲಿ ಉರುಳುತ್ತಿರುವ ವಿಮಾನ ನೆಲದಲ್ಲಿ ನಿಂತವನಿಗೆ ಒಂದು ಕರಿಯ ನೆರಳು. ಅದು ನೆಟ್ಟಗಿದೆಯೋ ಬೆನ್ನಡಿಯಾಗಿದೆಯೋ ಎಂದು ಅರೆಕ್ಷಣ ಶಂಕೆ ಹುಟ್ಟಿದರೂ ಚಾಲಕ ಕೋಲನ್ನು ತಪ್ಪು ಕಡೆಗೆಳೆಯುತ್ತಾನೆ; ತಿಂಗಳುಗಳ ದುಡಿಮೆ ನೆಲದ ಪಾಲಾಗುತ್ತದೆ. ಅದಕ್ಕಾಗಿಯೇ ಮೇಲ್ಮೈಗೆ ಸೂರ್ಯರಶ್ಮಿಯಂತಹ ಪಟ್ಟಿಗಳಾದರೆ ಕೆಳಮೈಗೆ ಚದುರಂಗದ ದೊಡ್ಡ ಮನೆಗಳು, ಅಥವಾ ಅಡ್ಡಗೆರೆಗಳು. ಎರಡೂ ಕಡೆ ಒಂದೇ ಚಿತ್ತಾರ ಬಿಡಿಸಿದ ವಿಮಾನ ಕಣ್ಣಿಗೆಷ್ಟೇ ಅಂದವಾದರೂ ಬುದ್ಧಿವಂತಿಕೆಯ ಕೆಲಸವಲ್ಲ.

ಹಗುರವಾದ ಬಾಲ್ಸಾ ಮತ್ತು ಪೊರೆ ಎಷ್ಟು ದೂರ ಹೋಗಬಲ್ಲವೆಂಬುದಕ್ಕೆ ಕಸರತ್ತಿನ ಹೊರಗಿನ ಒಂದು ನಿದರ್ಶನವನ್ನು ಇಲ್ಲಿ ಹೇಳದಿರಲಾಗದು. ಅಮೆರಿಕದ ಮೇನಾರ್ಡ್ ಹಿಲ್ ಎಂಬವರ ಮಾದರಿ ವಿಮಾನ 2003ರ ಆಗಸ್ಟ್ ತಿಂಗಳಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡಿನಿಂದ ಹೊರಟು ಸುಮಾರು 39 ಗಂಟೆಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಐರ್ಲೆಂಡಿನಲ್ಲಿಳಿಯಿತು. ಕ್ರಮಿಸಿದ ದೂರ ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿತ್ತು. ಇಂಧನವೂ ಸೇರಿ ಅದರ ತೂಕ ಐದು ಕಿಲೋ ಮೀರಿರಲಿಲ್ಲ. ಅದನ್ನು ಕಟ್ಟಿದ ಕಾಲಕ್ಕೆ ಹಿಲ್ ಅವರಿಗೆ ಎಪ್ಪತ್ತು ದಾಟಿತ್ತು, ಕಣ್ಣುಗಳು ಹೆಚ್ಚುಕಡಿಮೆ ಕಾಣದಾಗಿದ್ದವು.

ಕಸರತ್ತು ವಿಮಾನಕ್ಕೆ ಸಾಗರಕ್ಕಿಂತ ದೊಡ್ಡ ಅಪಾಯ ಕೀಲಿನ ಸಂದಿನಲ್ಲಿದೆ. ರೆಕ್ಕೆಯ ಹಿಂಅಂಚಿನಲ್ಲಿ ಮೇಲೆ ಕೆಳಗೆ ಆಡುವ ಫಲಕಗಳಿರುತ್ತವೆ. ಅವುಗಳನ್ನು ಆಡಿಸುವುದು ‘ಸರ್ವೊ’ ಎಂಬ ಪುಟ್ಟ ವಿದ್ಯುತ್ ಮೋಟಾರು. ದೊಡ್ಡ ವಿಮಾನದಲ್ಲಿ ಒಂದೊಂದು ಫಲಕಕ್ಕೆ ಎರಡೆರಡು. ಕೀಲು ಸಡಿಲವಿದ್ದು, ಸರ್ವೊದ ಸರಳು ತುಸುವೇ ಅಲುಗಾಡುತ್ತಿದ್ದರೂ, ಒಂದು ವೇಗ ಮುಟ್ಟಿದಾಗ ಫಲಕ ಗಾಳಿಗೆ ಸಿಕ್ಕ ಬಾವುಟದಂತೆ ತಾನೇ ತಾನಾಗಿ ಬಡಿಯತೊಡಗುತ್ತದೆ. ಇದಕ್ಕೆ ‘ಫ್ಲಟರ್’ ಎಂದು ಹೆಸರು. ಒಂದೆರಡು ಕ್ಷಣ ‘ಭರ್ರ್’ ಎಂಬ ಸದ್ದು. ಮರುಕ್ಷಣ ಫಲಕ ಕಿತ್ತು ಹಾರಿರುತ್ತದೆ, ಕೆಲವೊಮ್ಮೆ ರೆಕ್ಕೆಯೂ. ಎಂಜಿನ್ನಿನ ಸದ್ದನ್ನು ತಗ್ಗಿಸಿ, ವೇಗವನ್ನು ಮೆಲ್ಲನೆ ಇಳಿಸಿದರೆ ಉಳಿದರೂ ಉಳಿದೀತು. ನಿವಾರಣೆಯೇನೋ ಸರಳ: ಗಟ್ಟಿಯಾದ ಸರಳು, ಬಿಗಿಯಾದ ಕೀಲು, ಮತ್ತು ಕೀಲಿನ ಸಂದಿಗೆ ಒಳಗಿನಿಂದ ಅದೇ ಪೊರೆಯ ಒಂದು ಪಟ್ಟಿ ಹಿಡಿಸಿ ಗಾಳಿ ನುಸುಳದಂತೆ ಮುಚ್ಚುವುದು. ಹತ್ತು ನಿಮಿಷದ ಈ ಪಟ್ಟಿಯ ಕೆಲಸವನ್ನು ‘ನಾಳೆ ಮಾಡಿದರಾಯಿತು’ ಎಂದು ಬಿಟ್ಟವರ ವಿಮಾನಗಳು ಎಲ್ಲ ಮೈದಾನಗಳ ಅಂಚಿನಲ್ಲಿಯೂ ಚೂರಾಗಿ ಬಿದ್ದಿವೆ.

ಹನ್ನೆರಡು ಕಿಲೋ ತೂಕ ಗಂಟೆಗೆ ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ ಬಂದರೆ ಅದು ಆಟಿಕೆಯಲ್ಲ, ಆಯುಧ. ಇಂತಹ ವಿಮಾನಕ್ಕೆ ಸಾಮಾನ್ಯವಾಗಿ ಜೋಡಿಸುವ 100 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಪ್ರೊಪೆಲರ್ 27 ಅಂಗುಲದ್ದು. ನಿಮಿಷಕ್ಕೆ ಆರೂವರೆ ಸಾವಿರ ಸುತ್ತು ತಿರುಗುವಾಗ ಅದರ ತುದಿಯ ವೇಗ ಗಂಟೆಗೆ 800 ಕಿಲೋಮೀಟರನ್ನು ಮೀರುತ್ತದೆ. ಬೆರಳಿಗೆ ಅದು ಎರಡನೆಯ ಅವಕಾಶ ಕೊಡುವುದಿಲ್ಲ. ಎಂಜಿನ್ ಚಾಲೂ ಮಾಡುವಾಗ ವಿಮಾನವನ್ನು ಹಿಡಿದುಕೊಳ್ಳಲು ಇನ್ನೊಬ್ಬರು ಬೇಕೇ ಬೇಕು. ಮಕ್ಕಳು ಹಿಂದೆ ನಿಲ್ಲಬೇಕು, ಪ್ರೊಪೆಲರಿನ ಸಾಲಿನಲ್ಲಿ ಯಾರೂ ಸಲ್ಲದು. ನಮ್ಮ ದೇಶದಲ್ಲಿ 2021ರ ಡ್ರೋನ್ ನಿಯಮಗಳು 25 ಕಿಲೋ ಮೀರದ, ವಿನೋದಕ್ಕೋ ಕಲಿಕೆಗೋ ಕಣ್ಣಳತೆಯಲ್ಲಿಯೇ ಹಾರಿಸುವ ಇಂತಹ ವಿಮಾನಗಳನ್ನು ಮಾದರಿ ವಿಮಾನಗಳೆಂದು ಗುರುತಿಸಿವೆ. ಹಾಗೆಂದು ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಹೊಸೂರಿನ ಕಡೆಯವರಿಗೆ ಬೆಳಗೊಂಡಪಳ್ಳಿಯ ವಿಮಾನದಾಣ ತಿಳಿದದ್ದೇ. ಅಂತಹ ಸ್ಥಳಗಳ ನೆರೆಯಲ್ಲಿ ಯಾವ ಆಕಾಶ ಮುಕ್ತ, ಯಾವುದು ನಿಷಿದ್ಧವೆಂಬುದನ್ನು ಸರಕಾರದ ನಕ್ಷೆಯಲ್ಲಿ ನೋಡಿಕೊಂಡೇ ಹೊರಡಬೇಕು.

ಈಗ ಕಾರ್ಖಾನೆಯಲ್ಲಿಯೇ ಕಟ್ಟಿ, ಹೊದಿಸಿ, ಪೆಟ್ಟಿಗೆಯಲ್ಲಿಟ್ಟು ಕಳಿಸುವ ವಿಮಾನಗಳು ಧಾರಾಳವಾಗಿ ದೊರೆಯುತ್ತವೆ. ಸಂಜೆ ಬಿಚ್ಚಿ ಜೋಡಿಸಿದರೆ ಭಾನುವಾರ ಹಾರಿಸಬಹುದು. ಬಿಡುವಿಲ್ಲದವರಿಗೆ ಅದು ಅನುಕೂಲ, ಆಕ್ಷೇಪಿಸಲಾಗದು. ಆದರೆ ಹೊದಿಕೆಯ ಅಡಿಯಲ್ಲಿ ಏನಿದೆಯೆಂಬುದು ಕೊಂಡವನಿಗೆ ತಿಳಿಯದು, ಮುರಿದಾಗ ಕೈ ಹೋಗದು. ಮಕ್ಕಳಿಗೆ ಈ ಅಭಿರುಚಿ ಹತ್ತಿಸಬಯಸುವ ತಂದೆತಾಯಿಗಳು ದೈತ್ಯದಿಂದ ಆರಂಭಿಸುವುದೂ ಬೇಡ. ಎಂಜಿನ್, ಸರ್ವೊ, ಬಾಲ್ಸಾಗಳಲ್ಲಿ ಹೆಚ್ಚಿನವು ಹೊರದೇಶದಿಂದ ಬರತಕ್ಕವು, ಬೆಲೆ ಹಗುರವಲ್ಲ. ಒಂದು ಮೊಳದ ರೆಕ್ಕೆಯ, ಕೈಯಿಂದ ಎಸೆಯುವ ಬಾಲ್ಸಾ ಗ್ಲೈಡರ್ ಸಾಕು. ತೂಕ, ನೇರ, ಸಮತೋಲ ಇವು ಮೂರನ್ನೂ ಅದು ಅಷ್ಟೇ ನಿಷ್ಠುರವಾಗಿ ಕಲಿಸುತ್ತದೆ.

ಮೊದಲ ಹಾರಾಟದ ದಿನ ಕಟ್ಟುಗಾರ ಕಸರತ್ತಿಗಿಳಿಯುವುದಿಲ್ಲ. ನೆಲದ ಮೇಲೆ ರೇಡಿಯೋದ ದೂರಪರೀಕ್ಷೆ ನಡೆಸಿ, ಸಂಪರ್ಕ ಕಡಿದರೆ ಎಂಜಿನ್ ತಾನಾಗಿ ತಗ್ಗುವುದೇ ಎಂದು ನೋಡಿ, ಎತ್ತರದಲ್ಲಿ ನಾಲ್ಕಾರು ಸುತ್ತು ಹಾಕಿ ಇಳಿಸುತ್ತಾನೆ. ಇಳಿಸಿದವನು ಚಪ್ಪಾಳೆಗೆ ತಿರುಗದೆ ರೆಕ್ಕೆಯ ಬುಡದತ್ತ ಬಾಗುತ್ತಾನೆ. ಬೆಳಿಗ್ಗೆ ಕನ್ನಡಿಯಂತಿದ್ದ ಪೊರೆಯಲ್ಲಿ ಈಗ ಓರೆಯಾದ ಒಂದು ಸುಕ್ಕು ಮೂಡಿದ್ದರೆ, ಅದು ಬಿಸಿಲಿನ ಸುಕ್ಕೋ ಅಲ್ಲವೋ ಎಂದು ಮೊದಲು ಕೇಳಬೇಕು. ಬಿಸಿಲಿನ ಸುಕ್ಕು ಎಲ್ಲೆಡೆ ಹರಡಿರುತ್ತದೆ. ಒಂದೇ ಕಡೆ ಓರೆಯಾಗಿ ಎಳೆದ ಸುಕ್ಕಾದರೆ ಒಳಗೆ ಪಕ್ಕೆಲುಬೋ ಅಂಟಿನ ಸಂದೋ ಬಿಟ್ಟಿರಬಹುದು. ಇಸ್ತ್ರಿಪೆಟ್ಟಿಗೆ ಎಳೆದು ಅದನ್ನು ಮಾಯಮಾಡುವುದು ಒಂದು ನಿಮಿಷದ ಕೆಲಸ. ಬಲ್ಲವನು ಚೂರಿ ತೆಗೆದುಕೊಂಡು ಆ ಎಡೆಯ ಪೊರೆಯನ್ನು ಕೊಯ್ದು, ದೀಪ ಹಿಡಿದು ಒಳಗೆ ನೋಡುತ್ತಾನೆ. ಬಿಟ್ಟ ಸಂದನ್ನು ಅಂಟಿಸಿ, ರಾತ್ರಿಯಿಡೀ ಆರಲು ಬಿಟ್ಟು, ಮರುದಿನ ಅದೇ ಬಣ್ಣದ ತೇಪೆ ಹಾಕುತ್ತಾನೆ.